ಸೋಮವಾರದ ಗೊರಸು

ಇಳಿಜಾರಿನ ನಡುವೆ ಮಹಾದೇವಕ್ಕನ ಬರಿಗಾಲಿಗೆ ಏನೋ ಚುಚ್ಚಿತು. ಮುಳ್ಳಿರಬೇಕೆಂದು ಬಗ್ಗಿ ನೋಡಿದಳು. ಮುಳ್ಳಲ್ಲ, ಮಣ್ಣು.

ಎರೆಮಣ್ಣು ಹಸಿಯಿದ್ದಾಗ ಬೆಣ್ಣೆ, ಒಣಗಿದರೆ ಬಾಚಿಯ ಅಲಗು. ಬೆಣ್ಣೆಯಂತಿದ್ದಾಗ ಅದರೊಳಗೆ ಊರಿದ ಎತ್ತಿನ ಗೊರಸು, ಈಗ ಬಿಸಿಲು ತಿಂದು ಅಂಚೆದ್ದು ನಿಂತಿತ್ತು. ಅದರ ಮುಂದೆ ಇನ್ನೊಂದು. ಬಾಜುವಿನಲ್ಲಿ ಜೋಡಿ ಎತ್ತಿನದು. ಭಾರ ಎಳೆದು ಕಾಲೂರಿ ಕಾಲೂರಿ ಕೆಳಗಿಳಿದ ಎರಡು ಎತ್ತುಗಳ ದಾರಿ, ಬಾವಿಯ ಕಟ್ಟೆಯಿಂದ ಇಳಿಜಾರಿನ ತುದಿಯವರೆಗೆ ಯಾರೋ ಎರಕ ಹೊಯ್ದಿಟ್ಟಂತೆ ಬಿದ್ದಿತ್ತು.

"ಏನ ಸಿಕ್ತ್ರಿ ಅಕ್ಕಾರ?" ಬೇಲಿಯ ಕಂಡಿಯಲ್ಲಿ ಕಾವಲು ನಿಂತಿದ್ದ ಫಾತಿಮಾಬಿ ತಗ್ಗಿದ ದನಿಯಲ್ಲಿ ಕೇಳಿದಳು.

"ಎತ್ತಿನ ಹೆಜ್ಜಿ."

"ಎತ್ತು ನಡ್ಯೂ ದಾರ್ಯಾಗ ಎತ್ತಿನ ಹೆಜ್ಜಿ ಬಿಟ್ಟು ಒಂಟಿ ಹೆಜ್ಜಿ ಸಿಗತಾವೇನ್ರಿ?"

ಮಹಾದೇವಕ್ಕ ನಗಲಿಲ್ಲ. ಫಾತಿಮಾಬಿಯೂ ನಗಿಸಲೆಂದು ಆಡಿದ ಮಾತಲ್ಲ ಅದು. ಆಕೆಯ ಗಂಡ ಸಿರಾಜುದ್ದೀನ ಕೊಲೆಯ ಆರೋಪ ಹೊತ್ತು ಸಬ್‌ಜೈಲು ಸೇರಿ ವಾರವಾಗುತ್ತ ಬಂದಿತ್ತು. ನಾಳೆ ಮುಂಜಾನೆ ನವಲಗುಂದದ ಕೋರ್ಟಿನಲ್ಲಿ ಇಲ್ಲಿ ಎತ್ತು ಹೂಡುವ ಬಸವಣ್ಣೆಪ್ಪ ಆಣೆ ಮಾಡಿ ತನ್ನ ಹೇಳಿಕೆ ಬರೆಸಿದನೆಂದರೆ ಮುಗಿಯಿತು, ಆಮೇಲೆ ಯಾವ ವಕೀಲರೂ ಸಿರಾಜುದ್ದೀನನನ್ನು ಹೊರಗೆ ತರಲಾರರು. ವಕೀಲೆ ಮಹಾದೇವಕ್ಕನ ಕೈಯಲ್ಲಿ ಉಳಿದದ್ದು ಇವತ್ತಿನ ಸಂಜೆ ಮಾತ್ರ.

ಆಕೆ ತಲೆಯೆತ್ತಿ ನೋಡಿದಳು. ತಗಡಿನ ಗೋಡೆಯ ಆಚೆ ಕಬ್ಬಿಣದ ದಿಬ್ಬ ಆಕಾಶಕ್ಕೆ ಬೆನ್ನು ಬಗ್ಗಿಸಿ ನಿಂತಿತ್ತು. ಅಣ್ಣಿಗೇರಿಯ ಅರಳೆ ಗಿರಣಿಯ ಸಾಹುಕಾರ ಶಿದ್ಲಿಂಗಪ್ಪ, ಮುಂಬೈಯಲ್ಲಿ ಯಾವುದೋ ಪರದೇಶದ ಚಿತ್ರ ನೋಡಿ ಬಂದು, ಶಲವಡಿಯ ದಾರಿಯಲ್ಲಿ ಕಟ್ಟಿಸಿದ 'ಆನಂದವನ'ದ ದೊಡ್ಡ ಆಟ ಇದು: ಮಿಂಚಿನ ಬಂಡಿ. ಮಂದಿ ಬಂಡಿಯಲ್ಲಿ ಕೂತರೆ ಕಣ್ಣು ಪಿಳುಕಿಸುವುದರೊಳಗೆ ಅದು ಹಳಿಯ ಮೇಲೆ ಚಿಮ್ಮಿ, ದಿಬ್ಬದ ನೆತ್ತಿ ಮುಟ್ಟಿ, ಹಿಮ್ಮುಖವಾಗಿ ಇಳಿದು ಬರುತ್ತಿತ್ತು. ಹುಬ್ಬಳ್ಳಿ, ಗದಗಿನಿಂದ ಜನ ಟೆಂಪೋ ಮಾಡಿಕೊಂಡು ಬರುತ್ತಿದ್ದರು.

ಪೋಸ್ಟರಿನಲ್ಲಿ ಯಂತ್ರ ಎಂದು ಬರೆದಿತ್ತು. ಯಂತ್ರ ಬಂದದ್ದೂ ಹೌದು, ಮೊದಲ ತಿಂಗಳೇ ಕೆಟ್ಟದ್ದೂ ಹೌದು. ಆಮೇಲೆ ಸಾಹುಕಾರ ಹಳೆಯ ಕಪಲಿ ಬಾವಿಯ ಕಡೆ ನೋಡಿದ. ಎತ್ತುಗಳು ಇಳಿಜಾರಿನಲ್ಲಿ ಕೆಳಮುಖವಾಗಿ ನಡೆದು ಬಾವಿಯ ನೀರು ಮೇಲೆತ್ತುತ್ತಿದ್ದ ಕಾಲವೊಂದಿತ್ತು. ಅದೇ ಬಾವಿಯೊಳಗೆ ಈಗ ತೊಗಲಿನ ಚೀಲದ ಬದಲು ಕಲ್ಲು ತುಂಬಿದ ಕಬ್ಬಿಣದ ಪೆಟ್ಟಿಗೆ. ಎತ್ತು ಎಳೆದು ಪೆಟ್ಟಿಗೆಯನ್ನು ಬಾವಿಯ ಬಾಯಿಗೆ ತಂದರೆ ಕೀಲು ಹಾಕಿ ನಿಲ್ಲಿಸುವುದು. ತಗಡಿನ ಮುಂದೆ, ಬಂಡಿಯ ಕಟ್ಟೆಯ ಮೇಲೆ ನಿಂತವ ಸನ್ನೆಗೋಲು ಎಳೆದರೆ ಕೀಲು ಬಿಡುತ್ತದೆ, ಪೆಟ್ಟಿಗೆ ತಳಕ್ಕೆ ಬೀಳುತ್ತದೆ, ಅದರ ಹಗ್ಗ ಬಂಡಿಯನ್ನು ಎಳೆದು ಒಗೆಯುತ್ತದೆ. ತಗಡಿನ ಮುಂದೆ ಮಿಂಚು, ತಗಡಿನ ಹಿಂದೆ ನೊಗ. ಈ ದೇಶದಲ್ಲಿ ಯಾವ ಮಿಂಚಿನ ಹಿಂದೆ ನೊಗವಿಲ್ಲ ಹೇಳಿ.

ಆ ಬಾವಿಯೊಳಗೇ ಅಮೋಘಸಿದ್ದಪ್ಪ ಸತ್ತದ್ದು. ಈ ನೆಲ ಊರಿನ ದನಕುರಿ ಮೇಯುವ ಗಾಯರಾಣವಾಗಿದ್ದಾಗ ಇಲ್ಲಿ ಕುರಿ ಮೇಯಿಸಿಕೊಂಡಿದ್ದವನು ಅವನು. ಗಾಯರಾಣ ಹೋಯಿತು, ಮೇವಿಲ್ಲದೆ ಕುರಿಯೂ ಹೋದವು, ಕೋಲು ಹಿಡಿದ ಕೈಗೆ ಸಾಹುಕಾರ ಗ್ರೀಸಿನ ಡಬ್ಬಿ ಕೊಟ್ಟ. ಗಾಯರಾಣವನ್ನು ಆನಂದವನಕ್ಕೆ ಬಿಟ್ಟುಕೊಡುವ ಠರಾವಿಗೆ ಪಂಚಾಯತಿಯಲ್ಲಿ ಕೈ ಎತ್ತಿದವರಲ್ಲಿ ಮಹಾದೇವಕ್ಕನ ತಂದೆ ಶಂಭುಲಿಂಗಪ್ಪನವರೂ ಒಬ್ಬರು. ಈ ಕಡೆ ಬಂದಾಗಲೆಲ್ಲ ಆ ಎತ್ತಿದ ಕೈ ಆಕೆಯ ಕಣ್ಣೆದುರು ಬರುತ್ತಿತ್ತು.

ಪೊಲೀಸರ ಕತೆ ಸರಳವಾಗಿತ್ತು. ಸೋಮವಾರ ಎತ್ತಿಗೆ ರಜೆ, ಹಾಗಾಗಿ ಬಂಡಿಗೂ ರಜೆ. ಪೆಟ್ಟಿಗೆ ಆ ದಿನ ತಳದಲ್ಲೇ ಇರುತ್ತದೆ. ಅದೇ ನಂಬಿಕೆಯ ಮೇಲೆ ಅಮೋಘಸಿದ್ದಪ್ಪ ಪ್ರತಿ ಸೋಮವಾರ ಮೆಟ್ಟಿಲಿಳಿದು, ನಡುಬಾವಿಯ ಗೂಡಿನಲ್ಲಿ ಕೂತು, ತಲೆ ಮತ್ತು ಹೆಗಲು ಹೊರಗೆ ಚಾಚಿ ಪೆಟ್ಟಿಗೆಯ ದಾರಿಗೆ ಗ್ರೀಸು ಹಚ್ಚುತ್ತಿದ್ದ. ಮೇಲೆ ತಗಡಿನ ಮಾಡು, ಒಳಗೆ ಕತ್ತಲು. ಮೇಲೇನು ತೂಗುತ್ತಿದೆ ಎಂದು ನೋಡುವವರು ಯಾರು? ಬಂಡಿ ಬಿಡುವ ಸಿರಾಜುದ್ದೀನನಿಗೂ ಅವನಿಗೂ ಶನಿವಾರ ಜಗಳವಾಗಿತ್ತು. ಭಾನುವಾರ ಕೊನೆಯ ಆಟ ಮುಗಿದ ಮೇಲೆ ಸಿರಾಜುದ್ದೀನ ಎತ್ತಿನವನಿಂದ ಪೆಟ್ಟಿಗೆಯನ್ನು ಇನ್ನೊಮ್ಮೆ ಏರಿಸಿಟ್ಟ. ಸೋಮವಾರ ಬಂದು, ಅವನು ತಲೆ ಚಾಚಿದ ಹೊತ್ತು ನೋಡಿ ಸನ್ನೆ ಎಳೆದ. 'ಐತವಾರ ಏರಿಸಿದ್ದು ಖರೇ, ಸೋಮವಾರ ನಾನು ಆ ಕಡೆ ಹೋಗಿಲ್ಲ' ಎಂದು ಬಸವಣ್ಣೆಪ್ಪ ಹೇಳಿದ್ದ. ಇಡೀ ಕೇಸು ನಿಂತದ್ದು ಆ ಒಂದು ಮಾತಿನ ಮೇಲೆ.

ಮಹಾದೇವಕ್ಕ ಇಳಿಜಾರು ಹತ್ತಿ ಬೇಲಿಯ ಹತ್ತಿರ ಬಂದಳು.

"ಆ ಐತವಾರ ಮಳಿ ಬಂದಿದ್ದು ಯಾವಾಗ?"

"ಚಿತ್ತಿ ಮಳೀರಿ? ಗೇಟು ಹಾಕಿ, ಗಾಡಿ ಮ್ಯಾಲ ತಾಡಪತ್ರಿ ಹೊಚ್ಚಿ, ನಾ ಮನಿ ಮುಟ್ಟಿದ ಮ್ಯಾಲ." ಗೇಟಿನ ಬಾಜು ಮಿರ್ಚಿ-ಚುರಮುರಿಯ ಗಾಡಿ ಫಾತಿಮಾಬಿಯದು. ಗಂಡ ಜೈಲು ಸೇರಿದ ಮೇಲೆ ಆ ಗಾಡಿಯ ಎಣ್ಣೆ ಕಾಯ್ದಿರಲಿಲ್ಲ.

"ಅದಕ್ಕಿಂತ ಮೊದಲ ನೆಲಾ ಹೆಂಗಿತ್ತು?"

"ಹಿಟ್ಟಾಗಿತ್ರಿ. ಎತ್ತು ತಿರುಗಿದ್ರ ಧೂಳಿ ಎದ್ದು ನನ್ನ ಚುರಮುರಿಗಿ ಬೀಳತಿತ್ತು. ಬಸವಣ್ಣೆಪ್ಪ ಕಾಕಾಗ ದಿನಾ ಬೈತಿದ್ದೆ."

ಹಿಟ್ಟಿನಲ್ಲಿ ಗೊರಸು ಹೀಗೆ ಊರುವುದಿಲ್ಲ. ಈ ಹೆಜ್ಜೆಗಳು ಮಳೆಯ ನಂತರದವು. ಸೋಮವಾರ ಮಧ್ಯಾಹ್ನ ಹೆಣ ಸಿಕ್ಕಿತು, ಪೊಲೀಸರು ಹಗ್ಗ ಕಟ್ಟಿದರು, ಪೆಟ್ಟಿಗೆಯನ್ನು ಗಿರಣಿಯಿಂದ ತಂದ ಸರಪಳಿ ರಾಟೆಯಿಂದ ಮೇಲಿನಿಂದಲೇ ಎತ್ತಿದರು. ಅಲ್ಲಿಂದ ಈಚೆಗೆ ಇಲ್ಲಿ ಎತ್ತು ಕಾಲಿಟ್ಟಿಲ್ಲ. ಉಳಿದದ್ದು ಸೋಮವಾರದ ಮುಂಜಾನೆ ಒಂದೇ.

ಅದನ್ನು ಆಕೆ ಬಾಯಿಬಿಟ್ಟು ಹೇಳಿದಾಗ ಫಾತಿಮಾಬಿ ನಂಬಲಿಲ್ಲ.

"ಬಸವಣ್ಣೆಪ್ಪ ಕಾಕಾ ಸೋಮವಾರ ಎತ್ತು ಹೂಡೂದಂದ್ರ, ನಮ್ಮ ಮುಲ್ಲಾ ಸಾಹೇಬ್ರು ರಂಜಾನದಾಗ ಹಾಡೇ ಹಗಲ ನನ್ನ ಗಾಡಿಗಿ ಬಂದು ಮಿರ್ಚಿ ತಿಂದಂಗ ಆತ್ರಿ."

ಸಮಸ್ಯೆ ಇದ್ದದ್ದು ಅಲ್ಲೇ. ಸೋಮವಾರ ಬಸವಣ್ಣನ ವಾರ. ಹಿಂಗಾರಿಯ ಹದ ಕಣ್ಣೆದುರೇ ಆರಿಹೋಗುತ್ತಿದ್ದರೂ ಈ ಸೀಮೆಯಲ್ಲಿ ಯಾರೂ ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇಟ್ಟವನ ಮನೆಯ ನೀರು ಕುಡಿಯಲು ಮಂದಿ ಹಿಂದೆ ಮುಂದೆ ನೋಡುತ್ತಾರೆ. ಫೌಜದಾರನೂ ಇದೇ ಸೀಮೆಯವನು. ಸೋಮವಾರದ ಎತ್ತಿನ ಹೆಜ್ಜೆ ಹುಡುಕುವ ವಿಚಾರ ಅವನ ಕನಸಿನಲ್ಲೂ ಸುಳಿಯಲಿಲ್ಲ. ಮಹಾದೇವಕ್ಕ ತಾನೂ ಮೊದಲ ದಿನ ಈ ಕಂಡಿಯಲ್ಲೇ ನಿಂತು, ಇದೇ ಗುರುತುಗಳ ಮೇಲೆ ಕಣ್ಣಾಡಿಸಿ ಹೋಗಿದ್ದಳು. ಆ ಒಂದು ನೋಟ ನೆಟ್ಟಗಿದ್ದರೆ ಪೊಲೀಸರ ಲಾಠಿಗೆ ಸಿರಾಜುದ್ದೀನನ ಅಂಗಾಲು ಇಷ್ಟು ಬಾತಿರುತ್ತಿರಲಿಲ್ಲ.

ಆಕೆ ಮತ್ತೆ ಇಳಿದು ಹೋಗಿ ಗುರುತುಗಳನ್ನು ಬೆರಳಾಡಿಸಿ ನೋಡಿದಳು. ಎಲ್ಲ ಗೊರಸಿಗೂ ಕಬ್ಬಿಣದ ಲಾಳದ, ಅಂದರೆ ನಾಲಿನ, ಅಂಚಿತ್ತು. ಎಡಗಡೆಯ ಎತ್ತಿನ ಹಿಂದಿನ ಬಲಗಾಲಿಗೆ ಮಾತ್ರ ಇರಲಿಲ್ಲ. ಅದು ಬರಿಗಾಲಿನ ಗುರುತು.

"ನೀ ಮನಿಗಿ ನಡಿ," ಎಂದಳು ಫಾತಿಮಾಬಿಗೆ. "ದಾರ್ಯಾಗ ಯಾರ ಮುಂದೂ ತುಟಿ ಬಿಚ್ಚಬ್ಯಾಡ."

"ನನ್ನ ಸಂಗಾಟ ಮಾತಾಡೂ ಮಂದಿ ಯಾರದಾರ ಅಂತ ತುಟಿ ಬಿಚ್ಚಲಿ ಅಕ್ಕಾರ?" ಫಾತಿಮಾಬಿ ಸೆರಗು ಹೊದ್ದುಕೊಂಡಳು. "ಮೈಲಾರವ್ವ ಒಬ್ಬಾಕಿ ಇದ್ದಳು. ಮೊನ್ನೆ ನನ್ನ ಗಾಡಿಗಿ ಮಣ್ಣು ತೂರಿ ಹೋದಳು."

ಮೈಲಾರವ್ವ ಸತ್ತವನ ಹೆಂಡತಿ. ಬಂಡಿಯ ಹಳಿ ಗುಡಿಸುವ ಕೆಲಸದವಳು. ಎರಡು ವರ್ಷ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಂಡವರು. ಫಾತಿಮಾಬಿ ಅದನ್ನು ಹೇಳಿ ಅಳಲಿಲ್ಲ. ಮಣ್ಣು ತೂರುವಾಗ ಆಕೆ ತನ್ನ ಮುಖ ನೋಡಲಿಲ್ಲ ಎಂದಷ್ಟೇ ಹೇಳಿ ಹೊರಟುಹೋದಳು.

*

ಇವತ್ತೂ ಸೋಮವಾರವೇ. ಬಸವಣ್ಣೆಪ್ಪನ ದನದ ಮನೆಯಲ್ಲಿ ಎತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಬಳಿಸಿಕೊಂಡು, ಜೋಳದ ಕಣಿಕೆ ಮೆಲ್ಲುತ್ತ ನಿಂತಿದ್ದವು. ಬಾಗಿಲಿನಿಂದ ಬಂದ ಇಳಿಬಿಸಿಲು ಗೋದಲಿಯವರೆಗೆ ಚಾಚಿತ್ತು. ಮುದುಕ ಎಡಕ್ಕೆ ಹೂಡುವ ಬಿಳಿ ಎತ್ತಿನ ಗಂಗೆದೊಗಲು ತಿಕ್ಕುತ್ತಿದ್ದ. ಅವನ ಹಣೆಯ ಮೇಲೂ ಎತ್ತಿನ ಹಣೆಯ ಮೇಲೂ ಒಂದೇ ಕೈಯ ಮೂರು ಬೆರಳು.

ವಕೀಲೆಯನ್ನು ಕಂಡು ಅವನು ಗಾಬರಿಯಾದಂತೆ ತೋರಲಿಲ್ಲ. ಕಂಬಳಿ ಹಾಸಿ, ಮಜ್ಜಿಗೆ ತರಲೇ ಎಂದು ಕೇಳಿದ. ಆಕೆ ಬೇಡವೆಂದು ಗೋದಲಿಯ ಕಟ್ಟೆಗೇ ಕೂತಳು. ಆತನ ಪ್ರಾಯದ ಮನುಷ್ಯನನ್ನು ಬೇಟೆಯಾಡಿದಂತೆ ಪ್ರಶ್ನಿಸಲು ಆಕೆಗೆ ಮನಸ್ಸಿರಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ. ಮಳೆಯ ಬಗ್ಗೆ, ಬಿತ್ತನೆಯ ಬಗ್ಗೆ, ಎತ್ತು ಹಿಡಿದ ಸಂತೆಯ ಬಗ್ಗೆ ಕೇಳಿದಳು. ಮುದುಕ ಅರಳಿದ. ತಂಬೂರಿನ ಹೋರಿಗಳು, ಹಲ್ಲು ಕೂಡುವ ಮೊದಲೇ ತಂದದ್ದು, ಮಕ್ಕಳಿಗಿಂತ ಹೆಚ್ಚು ಎಂದ.

"ಬಿಳೀದರ ಹಿಂದಿನ ಕಾಲಿನ ನಾಲು ಅಗದಿ ಹೊಸಾದು ಅನಸ್ತದ."

"ಹೌದ್ರಿ, ಮಂಗಳವಾರ ಹೊಡಿಸೇನಿ. ಸಂತಿಯಿಂದ ಬರೂಮುಂದ ಉದುರಿತ್ತು. ಪಾಪ, ಮುಂದ ಎಲ್ಲಾ ಬರೇ ಗೊರಸಿಲೇ ನಡೀತು." ಮುದುಕ ನಕ್ಕ. "ಏನ್ರಿ ತಂಗಿ, ನಾಳಿ ಕೋರ್ಟಿನ್ಯಾಗ ಎತ್ತಿಗೂ ಪಾಟಿಸವಾಲು ಹಾಕಾಕೇನು?"

"ಅವು ಆಗಲೇ ಸಾಕ್ಷಿ ಹೇಳ್ಯಾವ, ಕಾಕಾ."

ತಿಕ್ಕುತ್ತಿದ್ದ ಕೈ ನಿಂತಿತು.

ಮಹಾದೇವಕ್ಕ ದನಿ ಎತ್ತದೆ ಹೇಳಿದಳು: ಇಳಿಜಾರಿನಲ್ಲಿ ಮಳೆಯ ನಂತರದ ಹೆಜ್ಜೆಗಳಿವೆ. ಎಡಗಡೆಯ ಎತ್ತಿನ ಒಂದು ಕಾಲಿಗೆ ನಾಲಿಲ್ಲ. ಮಳೆ ಬಂದದ್ದು ಭಾನುವಾರ ರಾತ್ರಿ, ನಾಲು ಹೊಡೆಸಿದ್ದು ಮಂಗಳವಾರ. ನಡುವೆ ಇರುವ ವಾರ ಯಾವುದು, ಕಾಕಾ?

ಬಸವಣ್ಣೆಪ್ಪ ಎತ್ತಿನ ಬೆನ್ನ ಮೇಲೆ ಕೈಯಿಟ್ಟು ಹಾಗೆಯೇ ನಿಂತ. ಎತ್ತು ಮುಖ ತಿರುಗಿಸಿ ಅವನ ತೋಳು ನೆಕ್ಕಿತು. ಅವನು ಕೈ ಹಿಂದೆಗೆದುಕೊಂಡ, ನೆಕ್ಕಿಸಿಕೊಳ್ಳುವ ಯೋಗ್ಯತೆ ತನಗಿಲ್ಲವೆಂಬಂತೆ.

"ಆ ವಾರದ ಹೆಸರು ನನ್ನ ಬಾಯಿಲೆ ಹೇಳಸಬ್ಯಾಡ ತಂಗಿ."

"ನೀವು ಹೇಳಲಿಲ್ಲಂದ್ರ ಸಿರಾಜುದ್ದೀನ ಹಗ್ಗಕ್ಕ ಹೋಗ್ತಾನ."

"ಅದು ನನಗ ಗೊತ್ತಿಲ್ಲೇನ?" ಮುದುಕ ಕಂಬಕ್ಕೆ ಬೆನ್ನು ಜಾರಿಸಿ ನೆಲಕ್ಕೆ ಕೂತ. "ಎಂಟ ದಿನಾ ಆತು, ಉಂಡ ರೊಟ್ಟಿ ಎದಿ ಇಳದಿಲ್ಲ."

ಆಮೇಲೆ ಅವನು ಹೇಳಿದ್ದು ತುಂಡು ತುಂಡಾಗಿ ಬಂತು. ಹೆಣ ಸಿಕ್ಕ ದಿನ ಫೌಜದಾರ ಅವನನ್ನು ಗೇಟಿನಲ್ಲೇ, ಊರ ಮಂದಿಯ ಎದುರೇ ನಿಲ್ಲಿಸಿ ಕೇಳಿದ್ದ: ಇವತ್ತು ಎತ್ತು ಹೂಡಿದ್ದೆಯಾ? ಭಜನೆಯ ಗೆಳೆಯರಿದ್ದರು, ಮಠದ ಅಯ್ಯನವರಿದ್ದರು. ಇಲ್ಲ ಎಂದ. ಹಾಗಾದರೆ ಪೆಟ್ಟಿಗೆ ನಿನ್ನೆಯೇ ಮೇಲಿತ್ತೇ? ಹೂಂ ಎಂದ. ಯಾರು ಏರಿಸಲು ಹೇಳಿದರು? ಬಂಡಿ ಬಿಡುವವನ ಹೆಸರು ಬಿಟ್ಟು ಬೇರೆ ಯಾವ ಹೆಸರು ಹೇಳಬಹುದಿತ್ತು? ಹೇಳಿಬಿಟ್ಟ. ಹೇಳುವಾಗ ಅದು ಬರೀ ಒಂದು ಹೆಸರಾಗಿತ್ತು. ಸಂಜೆಯ ಹೊತ್ತಿಗೆ ಅದು ಜೀಪು ಹತ್ತಿ ಹೋಗಿತ್ತು.

"ಒಂದು 'ಇಲ್ಲ' ಅಂದೆ. ಅದರ ಬಾಲಾ ಹಿಡಕೊಂಡು ಉಳದಿದ್ದೆಲ್ಲಾ ತಾನ ಬಂತು," ಎಂದ ಬಸವಣ್ಣೆಪ್ಪ. "ಆ ಸಾಬ ನನ್ನ ಎತ್ತಿಗಿ ಜಡ್ಡಾದಾಗ ಗದಗಿಗಿ ಸೈಕಲ್ ಹೊಡಕೊಂಡು ಹೋಗಿ ಔಷಧ ತಂದಿದ್ದ."

ಮಹಾದೇವಕ್ಕ ತಡೆದುಕೊಂಡು ಕೂತಿದ್ದಳು. ಮಾತಿನ ನಡುವೆ ಕೈ ಹಾಕಿದರೆ ಮುದುಕ ಮತ್ತೆ ಚಿಪ್ಪಿನೊಳಗೆ ಸೇರುತ್ತಾನೆಂದು ಆಕೆಗೆ ಗೊತ್ತಿತ್ತು. ಆಕೆಯ ಲೆಕ್ಕದಲ್ಲಿ ಈಗ ಉಳಿದದ್ದು ಒಂದೇ ಹೆಸರು. ಸೋಮವಾರ ಎತ್ತು ಹೂಡು ಎಂದು ಬಸವಣ್ಣೆಪ್ಪನಂಥವನಿಗೆ ಹೇಳುವ ಧೈರ್ಯ, ಹೇಳಿ ಮಾಡಿಸುವ ಗತ್ತು, ಈ ಸೀಮೆಯಲ್ಲಿ ಶಿದ್ಲಿಂಗಪ್ಪ ಸಾಹುಕಾರನಿಗಲ್ಲದೆ ಇನ್ನಾರಿಗಿದೆ? ಯಾರೋ ದೊಡ್ಡವರು ಬಂದಿರಬೇಕು, ಅವರಿಗೆ ರಜೆಯ ದಿನ ಆಟ ತೋರಿಸಿರಬೇಕು. ಆ ಹೆಸರಿಗಾಗಿ ಆಕೆ ವಾರದಿಂದ ಹಲ್ಲು ಕಚ್ಚಿ ಕಾಯುತ್ತಿದ್ದಳು. ಗಾಯರಾಣ ನುಂಗಿದವನನ್ನು ಕಟಕಟೆಯಲ್ಲಿ ನಿಲ್ಲಿಸಿದರೆ ತನ್ನ ತಂದೆ ಎತ್ತಿದ ಕೈಯ ಋಣವೂ ಒಂದಿಷ್ಟು ತೀರೀತು ಎಂಬ ಆಸೆಯೂ ಅದರಲ್ಲಿತ್ತು.

"ಹೂಡು ಅಂದಾವ ಸಾಹುಕಾರ?"

ಬಸವಣ್ಣೆಪ್ಪ ತಲೆಯಾಡಿಸಿದ.

"ಸಾಹುಕಾರ ಹೇಳಿದ್ರ ನಿನ್ನ ಬಂಡಿಗಿ ನೀನ ಹೆಗಲು ಕೊಡು ಅಂತಿದ್ದೆ. ಅವ ಹೇಳಲಿಲ್ಲ ತಂಗಿ." ಮುದುಕ ಕಣ್ಣು ಮುಚ್ಚಿದ. "ಹೂಡು ಅಂದಾವ ಅಮೋಘಸಿದ್ದ."

ಹೊರಗೆ ಯಾರೋ ದನ ಹೊಡೆದುಕೊಂಡು ಹೋದರು. ಗಂಟೆಯ ಸದ್ದು ಓಣಿಯ ತುದಿಯವರೆಗೆ ಹೋಗಿ ಕರಗಿತು.

"ಸತ್ತಾವನ?"

"ಸತ್ತಾವನ."

ಮಹಾದೇವಕ್ಕ ಕಟ್ಟೆಯಿಂದ ಇಳಿದು ಅವನ ಎದುರಿಗೆ ನೆಲಕ್ಕೇ ಕೂತಳು. ಹಾಗಾದರೆ ಪೆಟ್ಟಿಗೆ ಮೇಲಿದೆಯೆಂದು ಅಮೋಘಸಿದ್ದಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಕೆಳಗೆ ತಲೆ ಚಾಚಿದನೇ? ಅವಳು ವಾರದಿಂದ ಕಟ್ಟಿದ ವಾದ, ಪೊಲೀಸರು ಕಟ್ಟಿದ ಕತೆ, ಎರಡೂ ಒಂದೇ ಗೋಡೆಗೆ ಆತು ನಿಂತಿದ್ದವು. ಆ ಗೋಡೆಯೇ ಈಗ ಇರಲಿಲ್ಲ.

ಯಾಕೆ ಹೂಡಲು ಹೇಳಿದ ಎಂದು ಕೇಳಿದಳು. ಇದಕ್ಕೆ ಮುದುಕ ಕೇಳಿದ್ದು ಬೇರೆಯೇ: ಆನಂದವನದ ಉದ್ಘಾಟನೆಯ ದಿನ ನೀವು ಇದ್ದಿರೇನು? ಇರಲಿಲ್ಲ ಎಂದಳು ಮಹಾದೇವಕ್ಕ.

ಅಂದು ಮೊದಲ ಆಟಕ್ಕೆ ಬಂಡಿ ಖಾಲಿ ನಿಂತಿತ್ತಂತೆ. ಬಂದ ದೊಡ್ಡವರಿಗೆ ಅಂಜಿಕೆ. ಹಳಿ ಗುಡಿಸಿ ದಣಿದಿದ್ದ ಮೈಲಾರವ್ವ, ಹತ್ತುವವರು ಯಾರೂ ಇಲ್ಲವಲ್ಲ ಎಂದು ನಗುತ್ತ ಹೋಗಿ ಕೂತುಬಿಟ್ಟಳು. ಸಾಹುಕಾರನ ಆಳುಗಳು ರಟ್ಟೆ ಹಿಡಿದು ಇಳಿಸಿದರು. ಸೆರಗು ಗಾಲಿಗೆ ಸಿಕ್ಕೀತು ಎಂದು ನೆಪ ಹೇಳಿದರು. ಬಳಿಕ ಪುರೋಹಿತರನ್ನು ಕರೆದು ಆಕೆ ಕೂತ ಜಾಗಕ್ಕೆ ಗೋಮೂತ್ರ ಚಿಮುಕಿಸಿ ತೊಳೆಸಿದರು. ತೊಳೆಯಲು ನೀರು ಹೊತ್ತವಳೂ ಮೈಲಾರವ್ವಳೇ. ಎಲ್ಲರೂ ನಕ್ಕರು. ಗಂಡ ತಗಡಿನ ಹಿಂದೆ ಗ್ರೀಸಿನ ಡಬ್ಬಿ ಹಿಡಿದು ನೋಡುತ್ತ ನಿಂತಿದ್ದ.

"ಕುರಿ ಮಾರಿದಾಗೂ ಅವ ಅತ್ತಿರಲಿಲ್ಲ," ಎಂದ ಬಸವಣ್ಣೆಪ್ಪ. "ಅವತ್ತ ಅತ್ತ. ಆವಾಗಿನಿಂದ ಅವಂದು ಒಂದ ಮಾತು. ಆಕಿನ್ನ ಒಮ್ಮೆ ಕುಂದರಸ್ತೀನಿ ಕಾಕಾ, ಒಂದ ಸಲಾ. ಸೋಮವಾರ ಸಾಹುಕಾರ ಊರಾಗ ಇರೂದಿಲ್ಲ, ನೀ ಎತ್ತು ಹೂಡು. ಎರಡು ವರ್ಷ ಇಲ್ಲಾ ಅಂದೆ. ಸೋಮವಾರ ಅಂದೆ, ಪಾಪ ಅಂದೆ. ಆ ದಿನಾ ಮುಂಜಾನೆ ಬಂದು ಇಲ್ಲೇ ನಿಂತ. ಮಾತಾಡಲಿಲ್ಲ. ನೊಗಾ ತಾನ ತಗದು ತನ್ನ ಹೆಗಲಿಗಿ ಇಟಗೊಂಡ. ನೀ ಹೂಡದಿದ್ರ ನಾನ ಎಳೀತೀನಿ ಅಂದಂಗ."

ಮುದುಕ ಮೂಲೆಯ ನೊಗದ ಕಡೆ ಕೈ ಚಾಚಿದ. ಮನುಷ್ಯನ ಹೆಗಲ ಮೇಲೆ ನೊಗ ನೋಡಿ ಬಸವಣ್ಣ ಸುಮ್ಮನಿರುತ್ತಾನೆಯೇ ಎಂದು ತನಗೆ ಅನಿಸಿತು, ಅಷ್ಟೇ, ಎಂದ. ಹೂಡಿದ. ಕೆಸರಿನಲ್ಲಿ ಎತ್ತುಗಳು ಜಾರುತ್ತ ಪೆಟ್ಟಿಗೆ ಏರಿಸಿದವು. ಕೀಲು ಹಾಕಿ ನಿಲ್ಲಿಸಿದರು. ಕಾಕಾ, ಇನ್ನು ನೀ ಮನೆಗೆ ಹೋಗು, ಪಾಪ ಏನಿದ್ದರೂ ನನ್ನ ತಲೆಗಿರಲಿ ಎಂದು ಅಮೋಘಸಿದ್ದಪ್ಪ ಎತ್ತುಗಳ ಕಾಲಿಗೆ ಹಣೆ ಹಚ್ಚಿದ. ಮುದುಕ ಹಿಂದೆ ತಿರುಗಿ ನೋಡದೆ ಬಂದುಬಿಟ್ಟ.

"ಸನ್ನಿಗಿ ಬೀಗ ಇರತಿತ್ತಲ್ಲ? ಕೀಲಿಕೈ ಸಿರಾಜುದ್ದೀನನ ಉಡದಾರದಾಗ ಇರತದ."

"ಬೀಗಾ ತಗದಿತ್ತು ತಂಗಿ. ನಾ ಹೋದಾಗಲೇ ತಗದಿತ್ತು."

ಆ ಬೀಗ ತೆಗೆಯಬಲ್ಲವನು ಒಬ್ಬನೇ. ಆ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದೆ, ಕೀಲಿಕೈ ಮೈಬಿಟ್ಟು ಹೋಗಿಲ್ಲ ಎಂದು ಸಿರಾಜುದ್ದೀನ ಜೈಲಿನ ಸರಳಿನ ಹಿಂದೆ ನಿಂತು ಆಣೆ ಮಾಡಿದ್ದ. ಆಕೆ ಅದನ್ನು ನಂಬಿದ್ದಳು.

"ನಾಳಿ ಕೋರ್ಟಿನ್ಯಾಗ ಇದನ್ನೆಲ್ಲಾ ಹೇಳತೀರೇನು ಕಾಕಾ?"

ಹೇಳಿದರೆ ಎರಡು ಮರ್ಯಾದೆ ಹೋಗುತ್ತವೆ ಎಂದ ಮುದುಕ. ತನ್ನದು ಹೋಗಲಿ, ತನಗೆ ಇನ್ನು ಎಷ್ಟು ದಿನ. ಆದರೆ ಆ ಹೆಣ್ಣುಮಗಳು? ಗಂಡ ಸತ್ತದ್ದು ಆಕೆಯನ್ನು ಆಡಿಸಲು ಹೋಗಿ ಎಂದು ಊರು ಆಡಿಕೊಳ್ಳದೆ ಬಿಟ್ಟೀತೇ? ಜೋಕಾಲಿ ಆಡುವ ಚಟಕ್ಕೆ ಗಂಡನ್ನ ತಿಂದಾಕಿ ಎಂದು ಹಾದಿಯಲ್ಲಿ ಕೂಗಿಯಾರು. ಮಾಡಿದ್ದು ಪಾಪವೇ. ಆದರೆ ಯಾವ ಪಾಪ ಮುಚ್ಚಲು ಯಾವ ಪಾಪ ಮಾಡಿದೆ ಎಂಬುದೇ ತನಗೆ ತಿಳಿಯದಾಗಿದೆ ಎಂದು ಅವನು ವಿಭೂತಿಯನ್ನು ಅಂಗೈಯಿಂದ ಒರೆಸಿಕೊಂಡ.

ಮಹಾದೇವಕ್ಕ ಓದಿದ ಕಾಯಿದೆಯಲ್ಲಿ ಅಪರಾಧಿ ಇದ್ದ, ನಿರಪರಾಧಿ ಇದ್ದ. ಒಬ್ಬ ಬಡವನನ್ನು ಬಿಡಿಸಲು ಇನ್ನೊಬ್ಬ ಬಡವಿಯನ್ನು ಹಿಡಿದುಕೊಡಬೇಕಾದಾಗ ಏನು ಮಾಡಬೇಕೆಂಬ ಕಲಮು ಇರಲಿಲ್ಲ. ಸಾಹುಕಾರನ ಹೆಸರು ಯಾವ ಪುಟದಲ್ಲೂ ಬರದೆ ಈ ಕೇಸು ಮುಗಿಯಬಹುದು ಎಂಬುದು ಆಕೆಗೆ ಮೊದಲ ಸಲ ಹೊಳೆಯಿತು.

"ಹೇಳತೀನಿ," ಎಂದ ಬಸವಣ್ಣೆಪ್ಪ ಕಡೆಗೆ. "ಸಾಬನ ಹೆಂಡತಿ ದಿನಾ ನನ್ನ ಮನಿ ಮುಂದ ಹಾದು ಹೋಗತಾಳ. ಇನ್ನೂ ಕಾಕಾ ಅಂತಾಳ. ಅದನ್ನ ತಡಕೊಳ್ಳಾಕ ಆಗವಲ್ದು."

ಆಗಲೇ ಗೋದಲಿಯವರೆಗೆ ಚಾಚಿದ್ದ ಬಿಸಿಲಿಗೆ ಅಡ್ಡವಾಗಿ ನೆರಳು ಬಿತ್ತು.

ಬಾಗಿಲಲ್ಲಿ ಮೈಲಾರವ್ವ ನಿಂತಿದ್ದಳು. ಕಂಕುಳಲ್ಲಿ ಸೆಗಣಿಯ ಬುಟ್ಟಿ. ಕುಳ್ಳು ತಟ್ಟಲು ದಿನವೂ ಈ ಹೊತ್ತಿಗೆ ಸೆಗಣಿ ಒಯ್ಯಲು ಬರುವವಳು. ಯಾವಾಗ ಬಂದು ನಿಂತಿದ್ದಳೋ. ಬೋಳು ಹಣೆ, ಬರಿಗೈ. ಬಸವಣ್ಣೆಪ್ಪ ಏಳಲು ಹೋಗಿ ಏಳಲಾರದೆ ಕಂಬ ಹಿಡಿದ.

"ಕಾಕಾ ಸುಳ್ಳ ಹೇಳಿಲ್ರಿ ಅಕ್ಕಾರ," ಎಂದಳು ಮೈಲಾರವ್ವ. "ನಾ ಕುಂತಿದ್ದೆ."

ಆಕೆ ಬುಟ್ಟಿ ಇಳಿಸಿ ಬಾಗಿಲ ಹೊಸ್ತಿಲಿಗೆ ಕೂತಳು. ಯಾರೂ ಕೇಳದೆ ತಾನೇ ಹೇಳಿದಳು. ಗಂಡ ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿ, ಕಬ್ಬಿಣದ ಅಡ್ಡಪಟ್ಟಿ ಹಾಕಿ, ಅಂಜಬೇಡ ಎಂದು ಗಲ್ಲ ತಟ್ಟಿ, ಗ್ರೀಸಿನ ಡಬ್ಬಿ ಹಿಡಿದು ತಗಡಿನ ಹಿಂದಕ್ಕೆ ಹೋದ. ಬಂಡಿಯ ಮುಖ ಪಡುವಣಕ್ಕೆ. ತಗಡು, ಬಾವಿ ಎಲ್ಲ ಬೆನ್ನ ಹಿಂದೆ. ಆಮೇಲೆ ಎದೆಯೊಳಗಿನ ಉಸಿರು ಹಿಂದೆಯೇ ಉಳಿದುಹೋಗಿ ಮೈ ಮಾತ್ರ ಮುಂದೆ ಹಾರಿತು. ದಿಬ್ಬದ ನೆತ್ತಿಯಲ್ಲಿ ಬಂಡಿ ಒಂದು ಗಳಿಗೆ ನಿಂತಿತು. ಅಲ್ಲಿಂದ ಶಲವಡಿಯವರೆಗೂ ಕಂಡಿತು. ಕುರಿ ನೀರು ಕುಡಿಯುತ್ತಿದ್ದ ಹಳ್ಳ, ಹಟ್ಟಿ ಹಾಕುತ್ತಿದ್ದ ಬಯಲು, ಮಳೆಗೆ ತೊಯ್ದು ಕಪ್ಪಗೆ ಮಿರುಗುವ ಗಾಯರಾಣ. ತಾನು ಜೋರಾಗಿ ನಕ್ಕಳಂತೆ. ಇಳಿದು ಬಂದವಳೇ ಅದನ್ನೆಲ್ಲ ಹೇಳಲು ಗಂಡನನ್ನು ಕೂಗಿದಳು.

"ಓ ಅನ್ನಲಿಲ್ಲ," ಎಂದಳು. "ಇನ್ನೂ ಅನ್ನವಲ್ಲ."

ಮಹಾದೇವಕ್ಕ ಆಕೆಯ ಕೈ ಹಿಡಿದುಕೊಂಡಳು. ಹಿಡಿದ ಕೈ ಬಿಡದೆಯೇ ವಕೀಲೆಯ ಮನಸ್ಸು ತನ್ನ ಕೆಲಸ ಮಾಡುತ್ತಿತ್ತು, ಅದಕ್ಕಾಗಿ ಆಕೆಗೆ ತನ್ನ ಮೇಲೆಯೇ ಹೇಸಿಕೆಯಾಯಿತು. ಸನ್ನೆಯಿರುವುದು ಕಟ್ಟೆಯ ಮೇಲೆ, ತಗಡಿನ ಮುಂದೆ. ಬಾವಿಯ ಮೆಟ್ಟಿಲು ತಗಡಿನ ಹಿಂದೆ. ಬಂಡಿ ಚಿಮ್ಮಿದ ಗಳಿಗೆಯೇ ಪೆಟ್ಟಿಗೆ ಬಿದ್ದ ಗಳಿಗೆ. ಆ ಗಳಿಗೆಯಲ್ಲಿ ಅಮೋಘಸಿದ್ದಪ್ಪ ಬಾವಿಯೊಳಗಿದ್ದ.

"ಮೈಲಾರವ್ವ," ಎಂದಳು ಮೆಲ್ಲಗೆ. "ನಿನ್ನ ಗಂಡ ಬಾವ್ಯಾಗ ಇದ್ದ. ನೀ ಬಂಡ್ಯಾಗ ಇದ್ದಿ. ಸನ್ನಿ ತಾನ ಎಳಕೊಳ್ಳಲಿಲ್ಲ."

ಮೈಲಾರವ್ವ ಹೊಸ್ತಿಲಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದಳು. ಕೆರೆಯುವುದನ್ನು ನಿಲ್ಲಿಸಿದಳು.

"ಎಳಿ ಅಂತ ಕೂಗಿದಾಕಿ ನಾನ ಅಕ್ಕಾರ," ಎಂದಳು. "ಆದ್ರ ನಾ ಕೂಗಿದ್ದು ನನ್ನ ಗಂಡಗ ಅಲ್ಲ, ಬೀಗಾ ತಗದು ಸನ್ನಿ ಹಿಡದು ನಿಂತಾವಗ."